ಪೋಲಿ ಬೆಳಕಿನ ಬೆನ್ನ ಹತ್ತಿ

ಕತ್ತಲಿ ಕಾಯೂ ಕೆಲಸಾ ಮಾಡೂ ಮನಷ್ಯಾ ನಗೂ ಅಂಥಾ ಪ್ರಸಂಗ ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ರಿ, ಅವ ಬಾಗಲಾ ಬಡದು ಒಳಗ ಬರ್ತಾವು. ನನ್ನ ಊರು ಧಾರವಾಡ, ಮನಿ ಗೋವಾದ ವಾಸ್ಕೋದಾಗ, ಕೆಲಸಾ ಸಾಂಕೋಲೆಯ ಒಂದ ಸಣ್ಣ ಕಾರಖಾನಿಯೊಳಗ. ಅಲ್ಲಿ ಹಿಂದಿನ ಬಾಜೂಕ ತಗಡಿನ ಶೆಡ್ ಐತಿ. ಎಲ್ಲಾರೂ ಅದಕ್ಕ ಕರಿ ಶೆಡ್ ಅಂತಾರ, ಮತ್ತ ಅದರ ಸೂಪರವೈಜರ್ ನಾನ.

ನಮ್ಮ ಕೆಲಸಾ ಏನಂದ್ರ, ಉಪಗ್ರಹದ ಕ್ಯಾಮೆರಾದ ಮುಂದ ಕೂಡಸೂ ಉದ್ದನ್ನ ಕೊಳವಿ ಮಾಡೂದು. ಬಿಸಲಾಗ ದೂರಂದು ನೋಡಬೇಕಾದ್ರ ನಾವು ಹುಬ್ಬಿನ ಮ್ಯಾಲ ಕೈ ಅಡ್ಡ ಹಿಡೀತೇವಲ್ಲ, ಅದ ಕೆಲಸಾ ಆ ಕೊಳವಿ ಮಾಡ್ತೈತಿ. ಬಾಜೂಕಿಂದ ಸೂರ್ಯನ ಬೆಳಕು ಒಳಗ ನುಗ್ಗಿದ್ರ ಚಿತ್ರ ಎಲ್ಲಾ ಹಾಳು. ಕರೀಲಾರದ ಬರೂ ಈ ಬೆಳಕಿಗೆ ನಾವು ಶೆಡ್ಡಿನ್ಯಾಗ ಪೋಲಿ ಬೆಳಕು ಅಂತೇವಿ. ಕೊಳವಿ ಒಳಗಿನ ಕರಿ ಬಣ್ಣಾ ಅದನ್ನ ಅಲ್ಲೇ ನುಂಗಿಬಿಡಬೇಕು.

ಮೊದಲನೇ ಸಲ ಬೆಂಗಳೂರಿಂದ ದೊಡ್ಡ ಆರ್ಡರ್ ಬಂದಿತ್ತು. ಕರಾರಿನ್ಯಾಗ, ಪಾಸ್ ಆಗಾಕ ಮೂರು ಸಲ ಪರೀಕ್ಷಾ ಅಂತ ಬರದಿದ್ರು. ನಮ್ಮ ಮಾಲಕರು ಗೋವಾದಾವ್ರು, ಕೆಲಸಗಾರರ ಜೋಡಿ ಮಾತಾಡಿ ಮಾತಾಡಿ ನಮ್ಮ ಕನ್ನಡಾ ಕಲ್ತಾರ. ನನ್ನ ಕರದು ಖಡಕ್ಕಾಗಿ ಹೇಳಿದ್ರು: "ಮೂರನೇದ್ದೂ ಫೇಲ್ ಆತಂದ್ರ ಶೆಡ್ಡಿಗೆ ಕೀಲಿ. ನೀವೂ ಮನಿಗೆ, ಚಾಚಾನೂ ಮನಿಗೆ." ನನಗ ಐವತ್ತೆರಡು. ಪೇಂಟ್ ಹೊಡಿಯೂ ಚಾಚಾನಿಗೆ ಐವತ್ತೆಂಟು. ಈ ವಯಸ್ಸಿನ್ಯಾಗ ನಮ್ಮನ್ನ ಯಾರ ಕರೀತಾರ್ರಿ? ಅವತ್ತಿಂದ ದಿನಾ ರಾತ್ರಿ ನಾ ಮನಿಖರ್ಚಿನ ಲೆಕ್ಕಾ ಹಾಕ್ಕೋತ ಕೂಡ್ತಿದ್ದೆ. ನಗೂ ಪ್ರಸಂಗ ಎಲ್ಲಾ ಆದದ್ದು ಈ ಚಿಂತಿ ಹೊತ್ಕೊಂಡ.

೧. ಬಾಜೂಮನಿ ವೈನಿ

ನಮ್ಮ ಬಾಜೂಮನಿಗೆ ಕಾರವಾರದ ಕಡಿಂದ ಹೊಸಾ ಸಂಸಾರ ಬಂತು. ಆ ಮನಿ ವೈನಿ ಒಂದಿನ ಕಟ್ಟಿ ಮ್ಯಾಲಿಂದ ನನ್ನ ಕೇಳಿದ್ರು, "ಅಣ್ಣಾರ, ನೀವು ಏನ್ ಕೆಲಸಾ ಮಾಡ್ತೀರಿ?"

ಕೊಳವಿ, ಉಪಗ್ರಹ, ಕ್ಯಾಮೆರಾ ಅಂತ ಪುರಾಣಾ ಯಾಕಂತ ಸಣ್ಣದಾಗಿ ಹೇಳಿದೆ, "ಬೆಳಕು ತಡಿಯೂ ಕೆಲಸಾರಿ."

"ತಡಿಯೂದಂದ್ರ?"

"ಬೆಳಕು ಬರಬಾರದ್ರಿ. ಒಂದೀಟೂ ಬರಬಾರದು. ಅದನ್ನ ನೋಡ್ಕೊಳ್ಳಾಕ ನನಗ ಪಗಾರಾ ಕೊಡ್ತಾರ."

ವೈನಿ ಮುಖಾ ಸಣ್ಣದಾತು. ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರು. ನನ್ನ ಹೆಂಡ್ತಿ ಅಡಗಿಮನಿಯಿಂದ ಬಂದು "ಏನಂದ್ರಿ ಅವರಿಗೆ? ಸಿಟ್ಟಾಗ್ಯಾರಲ್ಲ" ಅಂದ್ಲು. ನನಗೇನ ಗೊತ್ತು! ಮರುದಿನ ಮುಂಜಾನೆ ನಾ ಟಿಫಿನ್ ಡಬ್ಬಿ ಹಿಡಕೊಂಡು ಹೊಂಟಾಗ ವೈನಿ ಗೇಟಿನ್ಯಾಗ ಅಡ್ಡ ನಿಂತಿದ್ರು.

"ಅಣ್ಣಾರ, ನೌಕರಿ ಅಂದಮ್ಯಾಲ ಮಾಡಬೇಕು, ಅದನ್ನ ಬ್ಯಾಡ ಅನ್ನೂದಿಲ್ಲ. ಆದ್ರ ನಿನ್ನೆ ಮಧ್ಯಾಹ್ನ ಮೂರು ತಾಸು ಕರೆಂಟ್ ತಡದ್ರಿ, ನನ್ನ ಇಡ್ಲಿ ಹಿಟ್ಟು ಅರ್ಧಾ ರುಬ್ಬಿದ್ದು ಹಂಗ ಉಳೀತು. ಇನ್ಮ್ಯಾಲ ತಡಿಯೂದಿದ್ರ ಮುಂಜಾನೆನ ಒಂದ ಮಾತು ಹೇಳಿ ಹೋಗ್ರಿ."

೨. ಚಾಚಾನ ಹೊಳಪು

ಚಾಚಾ ಇರೂದು ವಾಸ್ಕೋದ ಮಂಗೋರ್ ಹಿಲ್ಲಿನ್ಯಾಗ, ಮೂಲ ವಿಜಯಪುರದ ಕಡ್ಯಾವ್ರು. ಮೂವತ್ತು ವರ್ಷ ಲಾರಿಗೆ ಬಣ್ಣಾ ಹೊಡದವ್ರು. ಕೈ ಎಷ್ಟು ಚಲೋ ಅಂದ್ರ, ಸ್ಪ್ರೇ ಗನ್ ಹಿಡದ್ರ ಒಂದ ಹನಿ ಕೆಳಗ ಸೋರೂದಿಲ್ಲ. ಅದನ್ನ ನೋಡೇ ನಾ ಅವರನ್ನ ಕರಕೊಂಡ ಬಂದಿದ್ದು.

ಮೊದಲನೇ ಕೊಳವಿ ಕೊಟ್ಟೆ. "ಚಾಚಾ, ಕರ್ರಗ ಆಗಬೇಕು. ಒಟ್ಟ ಹೊಳೀಬಾರದು" ಅಂದೆ. "ಆಗ್ಲಿ ಸಾಹೇಬ್ರ" ಅಂದ್ರು. ಮರುದಿನ ಬಂದು ನೋಡ್ತೇನಿ, ಕೊಳವಿಯೊಳಗ ನನ್ನ ಮುಖಾ ಕಾಣಾಕತ್ತೈತಿ! ಬರೇ ಮುಖಾ ಅಲ್ರಿ, ಮೀಸಿಯೊಳಗಿನ ಬಿಳಿ ಕೂದಲಾನೂ ಎಣಿಸಬಹುದಿತ್ತು.

"ಚಾಚಾ, ಇದೇನ್ರಿ ಇದು?"

ಚಾಚಾ ನಾಚಿಕೊಂಡು ನಕ್ಕರು. "ನೀವು ಹೇಳಿದಂಗ ಹೊಡದಿದ್ದೆ ಸಾಹೇಬ್ರ. ಆದ್ರ ಒಣಗಿದ ಮ್ಯಾಲ ನೋಡಿದ್ರ ಸುಟ್ಟ ತವಾ ಕಂಡಂಗ ಕಾಣಾಕತ್ತು. ನನ್ನ ಕೈಯಿಂದ ಹಿಂಥಾ ಕೆಲಸಾ ಹೊರಗ ಹೋದ್ರ ಮಂದಿ ಏನಂತಾರ? ಅದಕ್ಕ ನನ್ನ ಕಡಿಂದ ಎರಡು ಕೈ ವಾರ್ನಿಶ್ ಹೊಡದು, ಮೇಣಾ ಹಚ್ಚಿ ತಿಕ್ಕೇನಿ."

ಅಷ್ಟರಾಗ ಮಾಲಕರು ಬಂದ್ರು. ಕೊಳವಿ ನೋಡಿ "ವ್ಹಾ! ಕಸಲೇಂ ಮಸ್ತ!" ಅಂತ ಕೊಂಕಣಿಯೊಳಗ ಹೊಗಳಿ ಚಾಚಾನ ಬೆನ್ನ ಚಪ್ಪರಿಸಿದ್ರು. ನಾ ತಲಿ ಮ್ಯಾಲ ಕೈ ಇಟ್ಕೊಂಡು ಕುಂತೆ. ಒಂದ ತಾಸು ಇಬ್ಬರಿಗೂ ತಿಳಿಸಿ ಹೇಳಿದೆ: ಇದು ಲಾರಿ ಅಲ್ಲ, ಇಲ್ಲಿ ಹೊಳಪ ನಮ್ಮ ವೈರಿ, ಯಾರಿಗೂ ಕಾಣಲಾರದಂಗ ಇದ್ರ ಅದ ಚಲೋ ಕೆಲಸಾ.

ಚಾಚಾ ಎಲ್ಲಾ ಕೇಳಿದ್ರು. ವಾರ್ನಿಶ್ ಕೆರಿಯಾಕ ಕುಂತ್ರು. ಕೆರೀತಾ ಕೆರೀತಾ ಭಾಳ ಬ್ಯಾಸರಲೆ ಕೇಳಿದ್ರು: "ಸಾಹೇಬ್ರ, ಅಷ್ಟ ಮ್ಯಾಲ ಹೋಗಾಕತ್ತೈತಿ. ಸೂರ್ಯಾ ಅಷ್ಟ ಹತ್ರದಿಂದ ನೋಡ್ತಾನ. ಅವನ ಮುಂದರ ಒಂಚೂರು ಮರ್ಯಾದಿ ಬ್ಯಾಡೇನ್ರಿ?"

೩. ಅಳತಿ

ಪರೀಕ್ಷಾ ಮಾಡಾಕ ಒಂದ ಕತ್ತಲಿ ಕೋಣಿ ಬೇಕಾಗಿತ್ತು. ಗ್ವಾಡಿಗೆಲ್ಲಾ ಕರಿ ಅರಿವಿ ಹೊದಸಬೇಕು, ಅದೂ ಒಂಚೂರೂ ಮಿಂಚಲಾರದ್ದು. ಪಣಜಿ, ಮಡಗಾಂವ ಎಲ್ಲಾ ತಿರುಗಿ ಎಂಟು ನಮೂನಿ ಅರಿವಿ ತಂದು ದೀಪದ ಮುಂದ ಹಿಡದು ನೋಡಿದೆ. ಎಲ್ಲಾ ಕಳ್ಳ ಕರೇವು, ದೀಪಾ ಕಂಡ ಕೂಡಲೇ ಮಿಣಮಿಣ ಅಂತಿದ್ವು. ಕಡೀಕ ಚಾಚಾ ತಮ್ಮ ಮನಿಯಿಂದ ಒಂದ ತುಂಡು ತಂದ್ರು. ಹಿಡದ್ರ ದೀಪಾನ ಮಾಯ! ನಮ್ಮ ಓಣಿಯೊಳಗ ಬುರ್ಖಾ ಹೊಲಿಯೂ ಟೇಲರ್ ಹಂತ್ಯಾಕ ಸಿಗತೈತಿ ಅಂದ್ರು.

ಇಬ್ಬರೂ ಮಂಗೋರ್ ಹಿಲ್ಲಿಗೆ ಹೋದ್ವಿ. ಟೇಲರ್ ವಯಸ್ಸಾದವರು, ಕಣ್ಣಿಗೆ ದಪ್ಪ ಚಷ್ಮಾ, ಕೊಳ್ಳಾಗ ಟೇಪು. ಚಾಚಾ ಪಾನ್ ತರಾಕ ಹೋದ್ರು, ನಾ ಒಬ್ಬನ ಮಾತಾಡಾಕ ನಿಂತೆ.

"ಕರೇದ ಬೇಕ್ರಿ, ನಾಕೂ ಬಾಜೂಕ ಹೊಲಿಗಿ ಹಾಕಿ."

"ಆಗ್ಲಿ. ಅಳತಿ ಹೇಳ್ರಿ."

"ಎತ್ತರ ಹನ್ನೆರಡು ಫೂಟ್."

ಬರಿಯಾಕತ್ತಿದ್ದ ಪೆನ್ಸಿಲ್ ನಿಂತಿತು. ಚಷ್ಮಾದ ಮ್ಯಾಲಿಂದ ನನ್ನ ನೋಡಿದ್ರು. "ಅಗಲ?"

"ಹದಿನೆಂಟು ಫೂಟ್. ಕಣ್ಣಿಗೆ ಜಾಗಾ ಬಿಡೂದ ಬ್ಯಾಡ್ರಿ. ಒಟ್ಟ ಬೆಳಕು ಒಳಗ ಹೋಗಬಾರದು. ಹಿಂಥಾವು ನಾಕು ಬೇಕು."

ಟೇಲರ್ ಪೆನ್ಸಿಲ್ ಕೆಳಗಿಟ್ರು. ಎದ್ದು ನನಗ ಒಂದ ಗ್ಲಾಸು ನೀರು ತಂದ ಕೊಟ್ರು. ಆಮ್ಯಾಲ ಸಮಾಧಾನದಿಂದ ಕೇಳಿದ್ರು, "ಸಾಹೇಬ್ರ, ನಾಕೂ ಅಕ್ಕತಂಗ್ಯಾರೇನ್ರಿ?"

೪. ಉದ್ಘಾಟನಾ

ಕತ್ತಲಿ ಕೋಣಿ ತಯಾರಾತು. ನಾ ಬಾಗಲಾ ಹಾಕಿ ಒಳಗ ನಿಂತ್ರ ನನ್ನ ಕೈ ನನಗ ಕಾಣ್ತಿದ್ದಿಲ್ಲ. ಅಷ್ಟ ಖುಷಿ ಆತು. ಮಾಲಕರಿಗೆ ಇನ್ನೂ ಹೆಚ್ಚು ಖುಷಿ ಆತು. ಅವರು ನನಗ ಹೇಳಲಾರದ ಉದ್ಘಾಟನಾ ಇಟ್ಟಬಿಟ್ರು.

ನಾ ಬರೂದರಾಗ ಕೋಣಿಯ ನಟ್ಟನಡುವ ನಿಂತಿತ್ತು ಹಿತ್ತಾಳಿ ಸಮಯಿ, ಎದಿಮಟ್ಟದ್ದು, ಐದು ಬತ್ತಿದ್ದು, ಬಾಯಿತನಕ ಎಣ್ಣಿ. ಬಾಜೂಕ ಬೆಂಕಿಪೆಟ್ಟಿಗಿ. ಊರಿನ ಒಬ್ಬ ಪುಢಾರಿ ಮುಖ್ಯ ಅತಿಥಿ.

"ಸರ್, ಇಲ್ಲಿ ದೀಪಾ ಹಚ್ಚಬಾರದ್ರಿ! ಮಸಿ ಆಗ್ತೈತಿ, ಎಣ್ಣಿ ಸಿಡೀತೈತಿ, ಆರು ವಾರದ ಕೆಲಸಾ ಹಾಳಾಗ್ತೈತಿ" ಅಂತ ಮಾಲಕರ ಕಿವಿಯೊಳಗ ಅಂದೆ.

"ಅರೇ, ದೀಪಾ ಹಚ್ಚಲಾರದ ಉದ್ಘಾಟನಾ ಹೆಂಗ ಮಾಡೂದು? ರಿಬ್ಬನ್ ಕತ್ತರಿಸಿದ್ರ ಅವರಿಗೆ ಸಾಲೂದಿಲ್ಲ" ಅಂದ್ರು.

ನಾ ಮನಿಯಿಂದ ಬರೂಮುಂದ, ಹೊಸಾ ಕೋಣಿಯೊಳಗ ದೇವರ ಮುಂದ ಹಚ್ಚಿಡ್ರಿ ಅಂತ ಹೆಂಡ್ತಿ ಕೂಡ ಒಂದ ಬೆಳ್ಳಿ ನೀಲಾಂಜನ ಕೊಟ್ಟ ಕಳಿಸಿದ್ಲು. ಚಾಚಾ ಊದಬತ್ತಿ ಹಿಡಕೊಂಡ ನಿಂತಿದ್ರು. ಮಾಲಕರು ತಮ್ಮ ದೇವರಿಗಂತ ಮೇಣಬತ್ತಿ ತಂದಿದ್ರು. ಎಲ್ಲಾರದೂ ಭಕ್ತಿ ಖರೇದ, ಅದಕ್ಕ ಏನ್ ಅನ್ನಾಕ ಬರ್ತೈತಿ? ಕೈಕಾಲು ಹಿಡದು ಸಮಯಿ ಒಂದನ್ನ ಹೊರಗ ಅಂಗಳಕ್ಕ ತರಿಸಿದೆ. ಬಿಸಲಾಗ ದೀಪಾ ಹಚ್ಚಿದ್ರು, ಹತ್ತಿದ್ದು ಯಾರಿಗೂ ಕಾಣ್ಲಿಲ್ಲ, ಆದ್ರೂ ಚಪ್ಪಾಳಿ ಬಿತ್ತು.

ಆಮ್ಯಾಲ ಮುಖ್ಯ ಅತಿಥಿ ಬೆಳಕಿನ ಹಿರಿಮಿ ಮ್ಯಾಲ ಅರ್ಧಾ ತಾಸು ಭಾಷಣಾ ಮಾಡಿದ್ರು. ಕತ್ತಲಿನ್ನ ಬಾಯಿಗೆ ಬಂದಂಗ ಬೈದ್ರು. ನಾನೂ ಚಾಚಾನೂ ನೆಲಾ ನೋಡ್ಕೋತ ಕುಂತಿದ್ವಿ. ಕಡೀಕ ಅವರು ಎರಡೂ ಕೈ ಎತ್ತಿ ಭಾಳ ಮನಸಿನಿಂದ ಆಶೀರ್ವಾದಾ ಮಾಡಿದ್ರು: "ಈ ಕೋಣಿಯ ಮೂಲಿ ಮೂಲಿಯೊಳಗೂ ಸದಾ ಬೆಳಕು ತುಂಬಿರಲಿ!"

೫. ಗಡ್ಡಾ

ಅವರ ಆಶೀರ್ವಾದಾ ಫಲಿಸಿಬಿಡ್ತು ನೋಡ್ರಿ.

ಪರೀಕ್ಷಾ ಮಾಡಾಕ ಬೆಂಗಳೂರಿಂದ ಒಬ್ಬ ಹಿರೇ ಮೇಡಂ ಬಂದ್ರು. ಕೆಲಸದಾಗ ಭಾಳ ಶಿಸ್ತು, ನಗೂದಂತೂ ಇಲ್ಲೇ ಇಲ್ಲ. ಪರೀಕ್ಷಾ ಹಿಂಗ ನಡೀತೈತಿ: ಕೋಣಿಯ ಒಂದ ಬಾಜೂಕ ದೊಡ್ಡ ದೀಪಾ, ಅದ ನಮ್ಮ ನಕಲಿ ಸೂರ್ಯ. ನಡುವ ಮೇಜಿನ ಮ್ಯಾಲ ಕೊಳವಿ, ಅದರ ಹಿಂದ ಕ್ಯಾಮೆರಾ. ಕೊಳವಿಯ ಬಾಯಿ ಎದುರಿಗೆ, ಒಂಚೂರು ಬಾಜೂಕ ಸರದು ಮೇಡಂ ಕೂಡ್ತಾರ. ಮೈತುಂಬ ಕರಿ ಕೋಟು, ತಲಿಗೆ ಕರಿ ಸ್ಕಾರ್ಫು, ಬರೇ ಕಣ್ಣು ಮೂಗು ಕಾಣಬೇಕು. ಎರಡೂ ಕೈಲೆ ಒಂದ ಚಕ್ರಾ ತಿರುವಿ ಕೊಳವಿಯನ್ನ ಇಷ್ಟಿಷ್ಟ ಹೊಳ್ಳಸ್ತಾರ. ನಾ ಹೊರಗ ಕಂಪ್ಯೂಟರ್ ನೋಡ್ತಿರ್ತೇನಿ. ಸ್ಕ್ರೀನ್ ಕರ್ರಗ ಉಳೀತಂದ್ರ ಪಾಸು.

ಕರ್ರಗ ಉಳೀಲಿಲ್ಲ. ಒಂದ ಬಾಜೂಕ ಚುಕ್ಕಿ ಹೊಳ್ಯಾಕತ್ತಿತ್ತು.

"ಒಳಗೆ ಬೆಳಕು ಹೋಗ್ತಾ ಇದೆ. ಫೇಲ್" ಅಂತ ಬರದು ಮೇಡಂ ಹೋಗಿಬಿಟ್ರು.

ನಾನೂ ಚಾಚಾನೂ ಕೊಳವಿಯನ್ನ ಇಂಚಿಂಚು ಬಿಡದ ನೋಡಿದ್ವಿ. ಎಲ್ಲೂ ಏನೂ ಇಲ್ಲ. ಆವಾಗ ನನಗ ಸಂಶೇ ಬಂತು: ಪರೀಕ್ಷಾದಾಗ ಚಾಚಾ ದೀಪದ ಹಂತ್ಯಾಕ ನಿಂತಿದ್ರು, ಅವರ ಗಡ್ಡಾ ಹಾಲಿನಂಗ ಬೆಳ್ಳಗ. ಹೇಳಾಕ ನಾಚಿಕಿ ಆತು, ಆದ್ರೂ ಹೇಳಿದೆ. ಪಾಪ, ಚಾಚಾ ಗಡ್ಡಾ ಸವರ್ಕೋತ ಮನಿಗೆ ಹೋದ್ರು. ಎರಡನೇ ಪರೀಕ್ಷಾದ ದಿನ ಗಡ್ಡಾ ಕರ್ರಗ ಮಾಡ್ಕೊಂಡು ಬಂದ್ರು. ಹತ್ತು ವರ್ಷ ಸಣ್ಣಾವ್ರಾಗಿ ಕಾಣ್ತಿದ್ರು.

ಚುಕ್ಕಿ ಅಲ್ಲೇ ಇತ್ತು. ಎರಡನೇದ್ದೂ ಫೇಲ್.

ಅವತ್ತ ಸಂಜೀಕ ಚಾಚಾನ ಹೆಂಡ್ತಿ ನನ್ನ ಹೆಂಡ್ತಿಗೆ ಫೋನ್ ಮಾಡಿದ್ರು. "ಅಕ್ಕಾ, ಹತ್ತು ವರ್ಷ ನಾ ಹೇಳಿದ್ರೂ ಗಡ್ಡಕ್ಕ ಬಣ್ಣಾ ಹಚ್ಚಲಾರದ ಮನಷ್ಯಾ ಈಗ ಹಚ್ಚ್ಯಾನ. ಕೇಳಿದ್ರ, ಬೆಂಗಳೂರಿಂದ ಮೇಡಂ ಬರ್ತಾರ, ಅವರಿಗೆ ಬಿಳೇದು ಸರಿಬರೂದಿಲ್ಲ ಅಂತಾನ. ನಿಮ್ಮ ಯಜಮಾನರೂ ಅಲ್ಲೇ ಇರ್ತಾರಲ್ಲ, ಅವರೂ ಏನರೆ ಹಚ್ಚಾಕತ್ತಾರೇನು ನೋಡ್ರಿ."

೬. ವಸ್ತು ಸಣ್ಣದು

ಮೂರನೇ ಪರೀಕ್ಷಾದ ಮುಂಜಾನೆ ನಾ ಹೊಟ್ಟಿಗೆ ಏನೂ ತಿನ್ಲಿಲ್ಲ. ಚಾಚಾ ಎರಡನೇ ಫೇಲ್ ಆದಾಗಿಂದ ಮೂರು ಸಲ ಬಣ್ಣಾ ಕೆರದು ಮೂರು ಸಲ ಹೊಡದಿದ್ರು. "ಸಾಹೇಬ್ರ, ಇದರಕಿಂತ ಕರ್ರಗ ಮಾಡಾಕ ನನಗ ಬರೂದಿಲ್ರಿ. ಇವತ್ತ ಹೋತಂದ್ರ ನನ್ನ ಕೈಯ ಸರಿ ಇಲ್ಲ ಅಂತ ತಿಳ್ಕೋತೇನಿ" ಅಂದ್ರು. ಮಾಲಕರು ಶೆಡ್ಡಿನ ಕೀಲಿ ಕೈಯಾಗ ಹಿಡಕೊಂಡ ಬಂದಿದ್ರು.

ಮೇಡಂ ಒಳಗ ಕುಂತ್ರು. ದೀಪಾ ಹತ್ತಿತು. ಚಕ್ರಾ ತಿರುಗಿತು. ಬಂತು ನೋಡ್ರಿ ಚುಕ್ಕಿ, ಅದ ಜಾಗಾದಾಗ, ನನ್ನ ಅಣಕಸಾಕತ್ತಂಗ.

ನಾ ಕಣ್ಣ ಮುಚ್ಚಿಬಿಡಬೇಕು ಅನ್ನೂದರಾಗ ಚುಕ್ಕಿ ಕುಣೀತು! ಎಡಕ್ಕ, ಬಲಕ್ಕ, ಮತ್ತ ಎಡಕ್ಕ. ಬಾಗಲದ ಸಂದಿಯಿಂದ ಕೂಗಿದೆ, "ಮೇಡಂ, ಈಗ ಏನ್ ಮಾಡಿದ್ರಿ?"

"ಏನೂ ಇಲ್ಲ. ಸೊಳ್ಳೆ ಕಚ್ಚಿತು. ತಲೆ ಒದರಿದೆ."

ನಾ ಸ್ಕ್ರೀನಿನಿಂದ ಕಣ್ಣ ತಗೀಲಾರದ ಕೂಗಿದೆ, "ಮೇಡಂ, ಒಂದ ಪ್ರಶ್ನಿ ಕೇಳ್ತೇನಿ. ಬಾಯಿಲೆ ಬ್ಯಾಡ, ತಲಿ ಅಲ್ಲಾಡಿಸಿ ಉತ್ತರಾ ಹೇಳ್ರಿ. ನಿಮ್ಮ ಹೆಸರಿನ ಮುಂದ ಡಾಕ್ಟರ್ ಐತೇನ್ರಿ?"

ಚುಕ್ಕಿ ಮ್ಯಾಲ ಕೆಳಗ ಆತು.

"ನಮ್ಮ ಕೊಳವಿ ಪಾಸ್ ಆಗ್ತೈತೇನ್ರಿ?"

ಚುಕ್ಕಿ ಎಡಕ್ಕ ಬಲಕ್ಕ ಆತು.

ನಾ, ಮಾಲಕರು, ಚಾಚಾ ಮೂವರೂ ಸ್ಕ್ರೀನ್ ಮುಂದ ಬಾಯಿ ತಕ್ಕೊಂಡ ನಿಂತ್ವಿ. ಮೇಡಂ ಮೂಗಿನ್ಯಾಗ ವಜ್ರದ ಮೂಗುಬಟ್ಟು! ನಕಲಿ ಸೂರ್ಯನ ಬೆಳಕು ಅದಕ್ಕ ಬಡದು ಸೀದಾ ಕೊಳವಿಯೊಳಗ ಹೊಕ್ಕಿತ್ತು. ನಾವು ಎರಡು ಸಲ ಫೇಲ್ ಆದದ್ದು ಅವರ ಮೂಗಿನಿಂದ.

ಆದ್ರ ಹೇಳಾವ್ರ ಯಾರು? ಮಾಲಕರು ನನ್ನ ನೋಡಿದ್ರು. ನಾ ಮಾಲಕರನ್ನ ನೋಡಿದೆ. ಚಾಚಾ ನಮ್ಮಿಬ್ಬರನ್ನೂ ಬಾಜೂಕ ಸರಿಸಿ ಬಾಗಲಾ ತಗದ್ರು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮೂಗಿನ ಮ್ಯಾಲಿನ ವಸ್ತು ಭಾಳ ಚಲೋ ಐತಿ. ಚಲೋ ಇದ್ದದ್ದಕ್ಕ ನಾವು ಸಾಯಾಕತ್ತೇವಿ."

ಮೇಡಂ ಎದ್ದು ಹೊರಗ ಬಂದ್ರು, ನಾ ಉಳಿಸಿಟ್ಟಿದ್ದ ಚಿತ್ರಾ ಎಲ್ಲಾ ನೋಡಿದ್ರು. ಆಮ್ಯಾಲ ಮೆತ್ತಗ ಕೇಳಿದ್ರು, "ಹಾಗಾದ್ರೆ ಮೊದಲ ಎರಡು ಸಲಾನೂ...?" ಮಾಲಕರು ಸೂರು ನೋಡಿದ್ರು. ನಾ ಚಪ್ಪಲಿ ನೋಡ್ಕೊಂಡೆ.

ಬಟ್ಟು ತಗೀರಿ ಅಂದ್ರ, ಮದುವೆಯಲ್ಲಿ ಅತ್ತೆ ಕೊಟ್ಟಿದ್ದು, ತಿರುಪು ಹಿಡಿದುಕೊಂಡು ಇಪ್ಪತ್ತೆರಡು ವರ್ಷ ಆಯ್ತು, ಅಕ್ಕಸಾಲಿಗನೇ ಬರಬೇಕು ಅಂದ್ರು. ಮೂಗಿನ ಮ್ಯಾಲ ಸ್ಕಾರ್ಫ್ ಎಳಕೊಂಡು ಕುಂತ್ರು. ಎರಡು ನಿಮಿಷಕ್ಕ ಸೀನು, ಮೇಜು ಅಲ್ಲಾಡಿ ಎಲ್ಲಾ ಮೊದಲಿಂದ. ಕರಿ ಟೇಪ್ ಹಚ್ಚಿದ್ವಿ. ಟೇಪು ವಜ್ರಕಿಂತ ಹೆಚ್ಚು ಹೊಳೀತು. ಸಂಜಿ ವಿಮಾನಕ್ಕ ಅವರು ಹೋಗಬೇಕು.

ಕಡೀಕ ಮೇಡಂ ತಾವ ಅಂದ್ರು, "ನಿಮ್ಮ ಬಣ್ಣಾನೇ ಹಚ್ಚಿಬಿಡಿ."

ಕುರ್ಚಿ ಮ್ಯಾಲ ಕುಂತು ಮುಖಾ ಮ್ಯಾಲ ಮಾಡಿ ಕಣ್ಣ ಮುಚ್ಚಿದ್ರು. ಚಾಚಾ ಎಲ್ಲಾಕಿಂತ ಸಣ್ಣ ಕುಂಚ ತಗೊಂಡು, ಬಿಸ್ಮಿಲ್ಲಾ ಅಂದು, ಚರ್ಮಕ್ಕ ಒಂಚೂರೂ ತಾಗಲಾರದಂಗ ಆ ಕಲ್ಲಿಗೆ ಬಣ್ಣಾ ಮುಟ್ಟಿಸಿದ್ರು. ನಮ್ಮಲ್ಲೆ ಬಣ್ಣಾ ಹಚ್ಚಿದ ಪ್ರತಿಯೊಂದಕ್ಕ ಫಾರ್ಮ್ ತುಂಬಬೇಕಂತ ಮೇಡಂ ತಾವ ಕಾಯದೆ ಮಾಡಿದ್ರು. ನಾ ಫಾರ್ಮ್ ತಗದು ಕೇಳಿದೆ, "ವಸ್ತುವಿನ ಹೆಸರು ಏನಂತ ಬರೀಲ್ರಿ?"

"ಬರೆಯೋದು ಬೇಡ!"

ಚಾಚಾ ಮಾತ್ರ ಕಾಯದೆ ಬಿಡೂ ಮನಷ್ಯಾ ಅಲ್ಲ. "ಇನ್ನ ಒಂದ ತಾಸು ಭಟ್ಟಿಯೊಳಗ ಇಡಬೇಕಾಗ್ತೈತ್ರಿ" ಅಂದ್ರು. ಮೇಡಂ ಗಕ್ಕನೆ ಕಣ್ಣ ತಗದ್ರು. ಭಟ್ಟಿ ಬ್ಯಾಡ ಅಂತ ಆತು. ಮಾಲಕರ ಕೈಗೆ ಶೆಡ್ ಮುಚ್ಚೂ ನೋಟಿಸಿನ ಫೈಲ್ ಸಿಕ್ತು, ಅದರಲೆ ಮೇಡಂ ಮೂಗಿಗೆ ಗಾಳಿ ಬೀಸಿದ್ರು.

ಬಣ್ಣಾ ಒಣಗಿತು. ದೀಪಾ ಹತ್ತಿತು. ಚಕ್ರಾ ಈ ತುದಿಯಿಂದ ಆ ತುದಿ ತನಕ ತಿರುಗಿತು. ಸ್ಕ್ರೀನ್ ಕರ್ರಗ ಇತ್ತು, ಕರ್ರಗ ಉಳೀತು. ಚಾಚಾ ನನ್ನ ಕೈ ಗಟ್ಟಿ ಹಿಡಕೊಂಡ್ರು. ಖರೇ ಹೇಳ್ತೇನಿ, ಇಬ್ಬರ ಕಣ್ಣಾಗೂ ನೀರ ಬಂತು.

ಮೇಡಂ ಮೊದಲಿನ ಎರಡೂ ಫೇಲ್ ರದ್ದು ಮಾಡಿದ್ರು. ಕಾರಣದ ಜಾಗಾದಾಗ "ಹೊರಗಿನ ವಸ್ತುವಿನ ಪ್ರತಿಫಲನ" ಅಂತ ಬರದ್ರು. ಆಮ್ಯಾಲ ಕೊಳವಿಯ ಬಣ್ಣದ ಖಾತ್ರಿ ಕಾಗದಾ ತಗೊಂಡು, ಇದು ಬಿಸಿಲು, ಚಳಿ, ಯಾವುದಕ್ಕೂ ಹದಿನೈದು ವರ್ಷ ಕಿತ್ತು ಬರೂದಿಲ್ಲ ಅನ್ನೂದರ ಕೆಳಗ ಸಹಿ ಮಾಡಿ, ಸಿಕ್ಕಾ ಹೊಡದು, ಚಾಚಾನಿಗೆ ನಮಸ್ಕಾರ ಮಾಡಿ ಹೋದ್ರು. ಮೂಗುಬಟ್ಟು ಹಂಗ ಕರ್ರಗ ಇತ್ತು, ಅವಸರದಾಗ ಯಾರಿಗೂ ಅದರ ನೆನಪ ಆಗ್ಲಿಲ್ಲ.

ಎಂಟು ದಿನದ ಮ್ಯಾಲ ಫೋನ್ ಬಂತು.

"ಏನ್ರೀ ಅದು ಬಣ್ಣ? ಹೋಗ್ತಾನೇ ಇಲ್ಲ! ಸೋಪು ಆಯ್ತು, ಕೊಬ್ಬರಿ ಎಣ್ಣೆ ಆಯ್ತು, ಅಕ್ಕಸಾಲಿಗ ಅರ್ಧ ದಿನ ಉಜ್ಜಿ ಕೈ ಬಿಟ್ಟ. ನಮ್ಮತ್ತೆ, ನನ್ನ ವಜ್ರ ಎಲ್ಲಿ ಮಾರಿ ಇದ್ದಿಲು ಹಾಕ್ಕೊಂಡು ಬಂದೆ ಅಂತ ಮೂರು ದಿನದಿಂದ ಮಾತು ಬಿಟ್ಟಿದಾರೆ. ಇದು ಯಾವಾಗ ಹೋಗುತ್ತೆ, ಅದನ್ನಾದರೂ ಹೇಳಿ!"

ನನ್ನ ಮುಂದ ಫೈಲ್ ತಗದ ಇತ್ತು. ನೋಡಿದೆ.

"ಮೇಡಂ, ಹದಿನೈದು ವರ್ಷ ಹೋಗೂದಿಲ್ಲಂತ ನೀವ ಸಹಿ ಮಾಡೀರಿ."